ಬೋರ್ಡಿನ ಮೇಲಿನ ಮೂರು ಗ್ರಾಂ ಸಕ್ಕರೆ

ನೀಲಾವತಿಗೆ ವಿಷಯ ಗೊತ್ತಾದದ್ದು ಗಂಡನಿಂದಲ್ಲ, ರುಕ್ಮಯ್ಯ ಮಾಸ್ಟ್ರಿಂದ. ಒಂದು ಬುಧವಾರ ಬೆಳಿಗ್ಗೆ ಮಾಸ್ಟ್ರು ಅವಳ ಹೋಟೆಲಿಗೆ ಬಂದು ಬರೀ ಚಾ ಕೇಳಿದರು. ಪುಂಜಾಲಕಟ್ಟೆಯ ಆ ನಾಲ್ಕು ಬೆಂಚಿನ ಹೋಟೆಲಿನಿಂದ, ಮೈದಾಕ್ಕೆ ಬಾಳೆಹಣ್ಣು ಕಲಸಿ ಕರಿದ ಬನ್ಸ್ ತಿನ್ನದೆ ಎದ್ದು ಹೋದ ಮನುಷ್ಯರೇ ಅಲ್ಲ ಅವರು. ಹೊಟ್ಟೆ ಸರಿ ಇಲ್ಲವೋ ಎಂದು ಅವಳು ವಿಚಾರಿಸಿದಳು. ಮಾಸ್ಟ್ರು ಸ್ವಲ್ಪ ನಾಚಿಕೊಂಡೇ, ಈಗಷ್ಟೇ ಎದುರಿನ ಚಿತ್ರಾಳ ಅಂಗಡಿಯಲ್ಲಿ ಎಗ್ ಬನ್ ತಿಂದದ್ದಾಗಿ ಹೇಳಿದರು. ಚಿನ್ನಯ್ಯ ಅಲ್ಲಿ ದಿನಾ ತಿನ್ನುತ್ತಾನಂತೆ, ಅವನೇ ಒತ್ತಾಯ ಮಾಡಿದನಂತೆ.

ಚಿನ್ನಯ್ಯ ಎಂದರೆ ನೀಲಾವತಿಯ ಗಂಡ. ಬಸ್‌ಸ್ಟ್ಯಾಂಡಿನ ಬಳಿ ಅವನದೊಂದು ಟೈಲರ್ ಅಂಗಡಿ. ಇಪ್ಪತ್ತನಾಲ್ಕು ವರ್ಷ, ಎಣ್ಣೆಯಿಂದ ಎದ್ದ ಮೊದಲ ಎರಡು ಬನ್ಸ್ ಅವನ ತಟ್ಟೆಗೆ ಬಿದ್ದ ಮೇಲೆಯೇ ಉಳಿದವರಿಗೆ. ಎರಡು ತಿಂಗಳ ಹಿಂದೆ ಬಂಟ್ವಾಳದ ಡಾಕ್ಟರು ಅವನಿಗೆ ಸಕ್ಕರೆ ಕಾಯಿಲೆ ಎಂದಿದ್ದರು. ಅಂದಿನಿಂದ ಅವನು ಹಸಿವಿಲ್ಲ, ಗಂಜಿ ಸಾಕು ಎನ್ನುತ್ತ ಬೇಗ ಹೊರಟುಬಿಡುತ್ತಿದ್ದ. ಕಾಯಿಲೆಯಿಂದ ಬಾಯಿರುಚಿ ಹೋಗಿದೆಯೆಂದು ಅವಳು ಮರುಗಿದ್ದಳು. ಈಗ ನೋಡಿದರೆ ಬಾಯಿ ಸರಿಯಾಗಿಯೇ ಇತ್ತು, ರಸ್ತೆಯ ಆಚೆ ಬದಿಯಲ್ಲಿ.

ಬೆಳಗಿನ ಗಿರಾಕಿಗಳ ನೂಕಿನಲ್ಲಿ ಬಾಣಲೆಯಿಂದ ತಲೆಯೇ ಎತ್ತದಿದ್ದ ಅವಳು ಮರುದಿನ ಅಲ್ಲಿ ನಿಂತೇ ಎದುರಿನ ಅಂಗಡಿಯತ್ತ ನೋಡಿದಳು. ಚಿತ್ರಾ ಮಂಗಳೂರಿನ ದೊಡ್ಡ ಫಾಸ್ಟ್‌ಫುಡ್ ಕಂಪನಿಯೊಂದರ ಕೌಂಟರಿನಲ್ಲಿ ಆರು ವರ್ಷ ದುಡಿದು, ಇಲ್ಲಿ ಸ್ವಂತ ಅಂಗಡಿ ಹಾಕಿದ್ದಳು. ಕೈಗೆ ಗ್ಲೌಸು, ತಲೆಗೆ ಟೊಪ್ಪಿ. ಬಾಗಿಲ ಪಕ್ಕದ ಕಪ್ಪು ಬೋರ್ಡಿನಲ್ಲಿ ಸೀಮೆಸುಣ್ಣದ ದುಂಡು ಅಕ್ಷರ: ಎಗ್ ಬನ್ ಒಂದಕ್ಕೆ ಕ್ಯಾಲೊರಿ 290, ಪ್ರೋಟೀನ್ 17 ಗ್ರಾಂ, ಕೊಬ್ಬು 12 ಗ್ರಾಂ, ಸಕ್ಕರೆ 3 ಗ್ರಾಂ. ಜನ ತಿನ್ನುವ ಮೊದಲು ಅದನ್ನು ಓದುತ್ತಿದ್ದರು, ತಿಂದ ಮೇಲೂ ಓದುತ್ತಿದ್ದರು. ಎಂಟು ಗಂಟೆಗೆ ಸರಿಯಾಗಿ ಚಿನ್ನಯ್ಯ ಬಂದ. ಚಿತ್ರಾ ಏನೋ ಹೇಳಿದಳು, ಅವನು ನಕ್ಕ. ಕಾಗದದಲ್ಲಿ ಸುತ್ತಿದ ಬನ್ನನ್ನು ಎರಡೂ ಕೈಯಲ್ಲಿ ಹಿಡಿದು ತಿಂದು, ಕೊನೆಗೆ ಬೆರಳಿಗೆ ಅಂಟಿದ ಸಾಸನ್ನು ನೆಕ್ಕಿದ. ಅದನ್ನು ನೋಡಿ ನೀಲಾವತಿಗೆ ಎದೆಯೊಳಗೆ ಕಾದ ಎಣ್ಣೆ ಸುರಿದ ಹಾಗಾಯಿತು. ಬಾಣಲೆಯ ಬನ್ಸ್ ಕಪ್ಪಾದದ್ದು ಗಿರಾಕಿ ಹೇಳಿದ ಮೇಲೆಯೇ ಅವಳಿಗೆ ಕಂಡದ್ದು.

ಚಿತ್ರಾಳಿಗೆ ಮೂವತ್ತನಾಲ್ಕು, ಸಣ್ಣ ತಂಗಿಯ ಪ್ರಾಯ. ಬೇರೆ ಬಗೆಯ ಸಂಶಯವೇನೂ ನೀಲಾವತಿಗಿರಲಿಲ್ಲ. ಇದ್ದಿದ್ದರೆ ಸುಲಭವಿತ್ತು, ಜಗಳವಾದರೂ ಆಡಬಹುದಿತ್ತು. ಗಂಡ ಇನ್ನೊಬ್ಬಳ ಕೈಯ ತಿಂಡಿ ತಿಂದ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಒಂದು ವಾರ ಅವಳು ಮನೆಯಲ್ಲಿ ಏನೂ ಕೇಳಲಿಲ್ಲ. ಅವನು ಹಸಿವಿಲ್ಲ ಎಂದಾಗಲೆಲ್ಲ ಆಯಿತು ಎಂದಳು. ರಸ್ತೆಯಲ್ಲಿ ಸಿಕ್ಕಾಗ ಚಿತ್ರಾ ಎಂದಿನಂತೆ ನೀಲಕ್ಕ ಎಂದು ಮಾತಾಡಿಸಿದರೆ ಹೂಂ ಎಂದಷ್ಟೇ ಹೇಳಿ ಮುಂದೆ ನಡೆಯುತ್ತಿದ್ದಳು.

ಆ ಬೋರ್ಡು ಸುಳ್ಳಿರಬೇಕು ಎಂಬ ಯೋಚನೆ ಬಂದದ್ದು ಆಗ. ಬಂದ ಮೇಲೆ ಬಿಡಲಿಲ್ಲ. ಅವಳ ಅಣ್ಣನ ಮಗಳು ಸಾತ್ವಿಕಾ ಮೂಡಬಿದಿರೆಯ ಕಾಲೇಜೊಂದರಲ್ಲಿ ಆಹಾರ ವಿಜ್ಞಾನ ಓದುತ್ತಿದ್ದಳು. ನನಗೂ ಒಮ್ಮೆ ರುಚಿ ನೋಡಬೇಕೆಂದು ಮಾಸ್ಟ್ರ ಹತ್ತಿರ ಸುಳ್ಳು ಹೇಳಿ, ಅವರ ಕೈಯಿಂದಲೇ ನೀಲಾವತಿ ಎರಡು ಎಗ್ ಬನ್ ಪಾರ್ಸೆಲ್ ತರಿಸಿದಳು. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಸೊಸೆಗೆಂದು ತನ್ನ ನಾಲ್ಕು ಬನ್ಸನ್ನೂ ಕಟ್ಟಿಕೊಂಡು ಬಸ್ಸು ಹತ್ತಿದಳು.

ಸಾತ್ವಿಕಾ ಎಲ್ಲ ಕೇಳಿಕೊಂಡು, ಲ್ಯಾಬಿನಲ್ಲಿ ನೋಡಬಹುದು, ನಾಲ್ಕೈದು ದಿನ ಬೇಕು ಎಂದಳು. ಹೋಲಿಸಲು ಇನ್ನೊಂದು ತಿಂಡಿ ಇದ್ದರೆ ಮೇಡಂ ಬೇಗ ಒಪ್ಪುತ್ತಾರೆ ಎನ್ನುತ್ತ ನಾಲ್ಕು ಬನ್ಸಿನಲ್ಲಿ ಎರಡನ್ನು ತೆಗೆದಿಟ್ಟು, ಉಳಿದೆರಡನ್ನು ಅಲ್ಲೇ ತಿಂದಳು. ನೀಲಾವತಿ ಬೇಡ ಎನ್ನಲಿಲ್ಲ. ಬೇಡ ಎನ್ನಲು ಕಾರಣ ಇದೆಯೆಂದು ಅವಳಿಗೆ ತೋರಲೇ ಇಲ್ಲ.

ಮುಂದಿನ ಶನಿವಾರ ಹುಡುಗಿ ತಾನೇ ಎರಡು ಕಾಗದ ಹಿಡಿದು ಬಂದಳು. ಮೊದಲನೆಯದರಲ್ಲಿ ಎಗ್ ಬನ್ನಿನ ಲೆಕ್ಕ: ಕ್ಯಾಲೊರಿ 390, ಪ್ರೋಟೀನ್ 13, ಕೊಬ್ಬು 17, ಸಕ್ಕರೆ 11. ಮೊಟ್ಟೆಯಲ್ಲಿ ಸಕ್ಕರೆ ಇಲ್ಲವೇ ಇಲ್ಲ ಎನ್ನಬಹುದು, ಇದ್ದದ್ದೆಲ್ಲ ಬೇಕರಿಯ ಸಿಹಿ ಬನ್ನಿನಲ್ಲಿ ಮತ್ತು ಸಾಸಿನಲ್ಲಿ ಎಂದು ಸಾತ್ವಿಕಾ ವಿವರಿಸಿದಳು. ನೀಲಾವತಿ ಹನ್ನೊಂದು ಎಂಬ ಅಂಕಿಯನ್ನು ಮೂರು ಸಲ ಓದಿದಳು. ಅಷ್ಟು ಸಂತೋಷ ಅವಳಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ. ಆಮೇಲೆ ಎರಡನೆಯ ಕಾಗದ ನೋಡಿದಳು. ಎರಡು ಬನ್ಸಿನ ಒಂದು ಪ್ಲೇಟಿಗೆ ಕ್ಯಾಲೊರಿ 490, ಪ್ರೋಟೀನ್ 8, ಕೊಬ್ಬು 20, ಸಕ್ಕರೆಯೂ 20.

“ಮಾಮಿ, ಇದು ಕಲಿಯುವವರು ಮಾಡಿದ ಪರೀಕ್ಷೆ. ಯಾರಿಗೂ ತೋರಿಸ್ಲಿಕ್ಕೆ ಅಲ್ಲ” ಎಂದು ಸಾತ್ವಿಕಾ ಎಚ್ಚರಿಸಿ ಹೋದಳು.

ನೀಲಾವತಿ ಎರಡನೆಯ ಕಾಗದವನ್ನು ಮಡಚಿ ಮೈದಾ ಡಬ್ಬದ ಹಿಂದೆ ಸೇರಿಸಿದಳು. ಸೋಮವಾರ ಎಂಟು ಗಂಟೆಗೆ, ಒಲೆ ಸಣ್ಣ ಮಾಡಿ, ಮೊದಲನೆಯದನ್ನು ಹಿಡಿದುಕೊಂಡು ರಸ್ತೆ ದಾಟಿದಳು.

ಅಂಗಡಿ ಮುಂದೆ ಹತ್ತು ಹನ್ನೆರಡು ಜನ ಇದ್ದರು. ಚಿನ್ನಯ್ಯನೂ ಮಾಸ್ಟ್ರೂ ಇದ್ದರು. ಅವಳು ಯಾರ ಮುಖವನ್ನೂ ನೋಡದೆ ಬೋರ್ಡಿನ ಪಕ್ಕ ನಿಂತು, ಅಲ್ಲಿನ ಅಂಕಿ ಒಂದು, ಕಾಗದದ ಅಂಕಿ ಒಂದು ಹೀಗೆ ಓದುತ್ತ ಹೋದಳು. ಸಕ್ಕರೆಗೆ ಬರುವಾಗ ಸ್ವರ ಗಟ್ಟಿಯಾಯಿತು.

ಚಿತ್ರಾ ಕಾಗದ ತೆಗೆದುಕೊಂಡು ನಿಧಾನ ನೋಡಿದಳು. “ನಾನು ಬೇಕಂತ ಬರೆದದ್ದಲ್ಲ ನೀಲಕ್ಕ. ಕಂಪನಿಯ ಬನ್ನಿಗೆ ಅಷ್ಟೇ ಇದ್ದದ್ದು. ಇದಕ್ಕೂ ಅಷ್ಟೇ ಅಂತ ಗ್ರಹಿಸಿದೆ” ಎಂದಳು. ಆಮೇಲೆ ಚಿನ್ನಯ್ಯನ ಕಡೆ ತಿರುಗಿದಳು. “ಅಣ್ಣ, ನೀವು ದಿನಾ ತಿಂದಿದ್ದೀರಿ. ಒಮ್ಮೆ ರಕ್ತ ತೋರಿಸಿ ಬನ್ನಿ.”

ನೀಲಾವತಿಗೆ ಅದು ಚುಚ್ಚಿತು. ಇಷ್ಟು ಜನರ ಮುಂದೆ ಮಾನ ಹೋದಾಗಲೂ ಚಿತ್ರಾಳಿಗೆ ಮೊದಲು ನೆನಪಾದದ್ದು ಚಿನ್ನಯ್ಯನ ರಕ್ತ. ಕಾಗದ ಹಿಡಿದು ರಸ್ತೆ ದಾಟಿದ ಹೆಂಡತಿಗೆ ಅದು ನೆನಪೇ ಆಗಿರಲಿಲ್ಲ. ಹೊಟ್ಟೆಕಿಚ್ಚು ಇಳಿಯುವ ಬದಲು ಇನ್ನೊಂದು ಪಾಲು ಹೆಚ್ಚಿತು. ಚಿತ್ರಾ ಒದ್ದೆ ಬಟ್ಟೆಯಿಂದ ಬೋರ್ಡು ಒರೆಸುತ್ತಿದ್ದಾಗ ಮಾಸ್ಟ್ರು ಮೆಲ್ಲಗೆ ಕೇಳಿದರು:

“ನಿನ್ನ ಬನ್ಸಿಗೆ ಎಷ್ಟುಂಟು ನೀಲಾವತಿ?”

“ಅದನ್ನು ಪರೀಕ್ಷೆ ಮಾಡಿಸ್ಲಿಲ್ಲ” ಎಂದಳು ನೀಲಾವತಿ. ಚಿನ್ನಯ್ಯ ಅವಳನ್ನೊಮ್ಮೆ ನೋಡಿ, ಅರ್ಧ ತಿಂದ ಬನ್ನನ್ನು ಮೇಜಿನ ಮೇಲಿಟ್ಟು ತನ್ನ ಅಂಗಡಿಗೆ ನಡೆದ.

ಆ ವಾರ ಅವಳ ಬೆಂಚುಗಳು ತುಂಬಿದವು. ಬೊಜ್ಜಿನ ಭಯದಿಂದ ಎದುರಿನ ಅಂಗಡಿಗೆ ಹೋಗಿದ್ದವರು ಬಂದು ನಾಲ್ಕು ನಾಲ್ಕು ಬನ್ಸ್ ತಿಂದರು. ಪ್ಲೇಟು ಇಡುವಾಗಲೆಲ್ಲ ಇಪ್ಪತ್ತು, ನಲವತ್ತು ಎಂದು ಅವಳ ತಲೆಯೊಳಗೆ ಕೇಳುತ್ತಿತ್ತು. ಗೆದ್ದವಳ ಖುಷಿ ಮೂರು ದಿನವೂ ಉಳಿಯಲಿಲ್ಲ. ಚಿನ್ನಯ್ಯ ಎರಡೂ ಕಡೆ ತಿನ್ನುವುದನ್ನು ಬಿಟ್ಟಿದ್ದ. ಮಾತನ್ನೂ ಹೆಚ್ಚುಕಡಿಮೆ ಬಿಟ್ಟಿದ್ದ.

ಶುಕ್ರವಾರ ಮಧ್ಯಾಹ್ನ ಹೋಟೆಲ್ ಮುಚ್ಚಿ ಅವಳು ಎರಡನೆಯ ಕಾಗದವನ್ನು ಅವನ ಅಂಗಡಿಗೆ ಒಯ್ದಳು. ಅವನು ಯಾವುದೋ ಅಂಗಿಗೆ ಕಾಲರ್ ಹೊಲಿಯುತ್ತಿದ್ದ. ಅವಳು ಕಾಗದವನ್ನು ಮಿಷನಿನ ಮೇಲಿಟ್ಟು, ಮಾಸ್ಟ್ರಿಗೆ ಸುಳ್ಳು ಹೇಳಿದೆ ಎಂದಳು. ಚಿನ್ನಯ್ಯ ಓದಿ, ಹಾಗೆಯೇ ಮಡಚಿ ವಾಪಸು ಕೊಟ್ಟ.

“ಇಷ್ಟುಂಟಂತ ನಂಗೆ ಕಾಗದ ಬೇಕಾ?”

“ಮತ್ತೆ ನನ್ನತ್ರ ಯಾಕೆ ಹೇಳ್ಲಿಲ್ಲ? ಕದ್ದು ಯಾಕೆ ಹೋದದ್ದು?”

ಅವನು ಸ್ವಲ್ಪ ಹೊತ್ತು ನೂಲು ಸರಿಮಾಡಿದ. “ನಿನ್ನಲ್ಲಿ ಕೂತ್ರೆ ನಂಗೆ ಒಂದಕ್ಕೆ ನಿಲ್ಲುದಿಲ್ಲ ನೀಲಾ. ಬೇಡ ಅಂತ ಹೇಳಿದ್ರೆ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ. ಅಲ್ಲಿಯದು ಒಂದು ತಿಂದ್ರೆ ಸಾಕು ಅಂತ ಆಗ್ತದೆ. ಅಷ್ಟೇ.”

ಅವಳಿಗೆ ನಗು ಬಂತು, ಅಳುವೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ಡಾಕ್ಟರಲ್ಲಿಗೆ ಹೋದಿರಾ ಎಂದು ಕೇಳಿದಳು. ಹೋಗಿದ್ದನಂತೆ. ಸಕ್ಕರೆ ಹೆಚ್ಚೇ ಇತ್ತಂತೆ, ಮಾತ್ರೆ ಬದಲಿಸಿದ್ದರಂತೆ. ನಾಳೆಯಿಂದ ಮನೆಯಲ್ಲೇ ಹೆಸರುಕಾಳು, ಬೇಯಿಸಿದ ಮೊಟ್ಟೆ ಎಂದು ಅವಳು ಹೇಳಿದಾಗ ಅವನು ತಲೆಯಾಡಿಸಿದ.

ಚಿತ್ರಾಳ ಅಂಗಡಿಗೆ ಹೋಗಲು ಇನ್ನೂ ಎರಡು ದಿನ ಹಿಡಿಯಿತು. ಜನ ಇಲ್ಲದ ಹೊತ್ತು ನೋಡಿ ಹೋಗಿ, ಕಾಗದ ಕೊಟ್ಟು, ಇದನ್ನು ಅಂದು ಮುಚ್ಚಿಟ್ಟೆ ಎಂದಳು. ಬೇಕಾದರೆ ಬೋರ್ಡಿನಲ್ಲಿ ಬರೆದು ಹಾಕು ಎಂದೂ ಹೇಳಿದಳು. ಚಿತ್ರಾ ಕೋಪ ಮಾಡಿಕೊಳ್ಳಬಹುದೆಂದು ಅವಳು ಕಾದಳು, ಒಳಗೊಳಗೆ ಹಾಗಾಗಲಿ ಎಂದೂ ಬಯಸಿದಳು. ಚಿತ್ರಾ ಮಾತ್ರ ಪರೀಕ್ಷೆ ಮಾಡಿದ್ದು ಯಾರೆಂದು ವಿಚಾರಿಸಿ ಸಾತ್ವಿಕಾಳ ನಂಬರ್ ಕೇಳಿದಳು. ಬನ್ ಬದಲಿಸಿ ಗೋಧಿಯದ್ದು ತರಿಸಿದ್ದಳು, ಸಾಸು ಬಿಟ್ಟು ಪುದೀನ ಚಟ್ನಿ ಹಾಕುತ್ತಿದ್ದಳು. ಈ ಸಲ ಸರಿಯಾಗಿ ಪರೀಕ್ಷೆ ಮಾಡಿಸಬೇಕಿತ್ತು.

ಹಾಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮೂಡಬಿದಿರೆಗೆ ಹೊರಟರು. ನೀಲಾವತಿಯ ಡಬ್ಬದಲ್ಲಿ ಸಕ್ಕರೆ ಅರ್ಧ ಮಾಡಿ, ಬಾಳೆಹಣ್ಣು ಹೆಚ್ಚು ಹಾಕಿದ ಬನ್ಸ್ ಇತ್ತು. ದಾರಿಯಲ್ಲಿ ಸಿದ್ಧಕಟ್ಟೆ ದಾಟಿದ ಮೇಲೆ ಚಿತ್ರಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

“ಅಂಗಡಿ ಹಾಕಿದ ಮೊದಲ ತಿಂಗಳು ನನ್ನಲ್ಲಿಗೆ ನಾಯಿಯೂ ಬರ್ಲಿಲ್ಲ. ನಿಮ್ಮ ಬನ್ಸಿನ ಪರಿಮಳ ಬರುವಾಗ ನಂಗೆ ಹೊಟ್ಟೆ ಉರೀತಿತ್ತು. ಅಂಥ ರುಚಿ ನನ್ನ ಕೈಗೆ ಬರುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಅಂಕಿ ಬರೆದದ್ದು.”

ನೀಲಾವತಿಗೆ ಸಂತೋಷವಾಗಿತ್ತು. ಹೇಳಬಾರದಷ್ಟು, ತೋರಿಸಬಾರದಷ್ಟು ಸಂತೋಷ. ಅದರ ಬಗ್ಗೆ ನಾಚಿಕೆಯಾಗಿ ಅವಳು ಡಬ್ಬದ ಮುಚ್ಚಳ ತೆಗೆದು ಒಂದು ಬನ್ಸನ್ನು ಚಿತ್ರಾಳ ಕೈಗಿಟ್ಟಳು. ಚಿತ್ರಾ ಅರ್ಧ ತಿಂದು, ಮೊದಲಿನಷ್ಟು ಒಳ್ಳೆಯದಾಗಲಿಲ್ಲ ಎಂದಳು. ನೀಲಾವತಿಗೂ ಅದು ಗೊತ್ತಿತ್ತು. ಮುಂದಿನ ಸಲ ಜೀರಿಗೆ ಸ್ವಲ್ಪ ಹೆಚ್ಚಿಸಿ ನೋಡುವ ಎಂದು ಹೇಳಿ, ಉಳಿದರ್ಧ ತಿನ್ನಲು ಅವಳನ್ನು ಒತ್ತಾಯಿಸಿದಳು.