ಉಳಿದಿದ್ದ ಒಂದು ಪಾಯಿಂಟು

ಒಡೀಲ್ ಫಾಬ್ರೆಗ್ ಇಪ್ಪತ್ತಾರು ವರ್ಷಗಳಿಂದ ಒಬ್ರಾಕ್ ಬಯಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ನರ್ಸ್. ದಿನಕ್ಕೆ ಇಪ್ಪತ್ತು ಮನೆ, ನೂರಿಪ್ಪತ್ತು ಕಿಲೋಮೀಟರ್. ಒಬ್ಬರಿಗೆ ಇಂಜೆಕ್ಷನ್, ಇನ್ನೊಬ್ಬರ ಕಾಲಿನ ಹುಣ್ಣಿಗೆ ಪಟ್ಟಿ, ಹಾಸಿಗೆ ಹಿಡಿದವರಿಗೆ ಸ್ನಾನ. ಹೀಗೆ ಓಡಾಡುತ್ತಲೇ ಅವಳ ಲೈಸೆನ್ಸಿನ ಹನ್ನೆರಡು ಪಾಯಿಂಟುಗಳು ತಪ್ಪಿಗಿಷ್ಟೆಂದು ಕರಗುತ್ತ ಬಂದಿದ್ದವು. ಗಾಡಿ ಓಡಿಸುತ್ತ ರೋಗಿಯೊಬ್ಬರ ಮಗಳ ಫೋನು ಎತ್ತಿದ್ದಕ್ಕೆ ಮೂರು ಹೋದವು. ಮಂಜಿನಲ್ಲಿ ಕೂಡುರಸ್ತೆಯ ಫಲಕದೆದುರು ಗಾಡಿಯನ್ನು ಪೂರ್ತಿ ನಿಲ್ಲಿಸಲಿಲ್ಲವೆಂದು ನಾಲ್ಕು. ಇನ್ನು ನಾಲ್ಕು ವೇಗದ ಬಾಬತ್ತಿನಲ್ಲಿ ಒಂದೊಂದಾಗಿ. ಹಿಂದಿನ ಶರತ್ಕಾಲದಲ್ಲಿ ಎರಡು ದಿನ ಸುರಕ್ಷಿತ ಚಾಲನೆಯ ತರಗತಿಯಲ್ಲಿ ಕುಳಿತು ನಾಲ್ಕನ್ನು ವಾಪಸು ಪಡೆದಿದ್ದಳು. ಚಳಿಗಾಲ ಮುಗಿಯುವುದರೊಳಗೆ ಅವೂ ಖಾಲಿಯಾಗಿ ಒಂದೇ ಒಂದು ಉಳಿದಿತ್ತು. ಮತ್ತೆ ತರಗತಿಗೆ ಹೋಗಬೇಕಾದರೆ ವರ್ಷ ತುಂಬಬೇಕು.

ಮೇ ತಿಂಗಳ ಆ ಮಂಗಳವಾರ ಒಡೀಲಳಿಗೆ ಇಪ್ಪತ್ತು ನಿಮಿಷ ತಡವಾಗಿತ್ತು. ಯುಜೆನಿ ಕಾಲ್ವೆ ಎಂಬ ಮುದುಕಿ ಇನ್ಸುಲಿನ್ ಚುಚ್ಚಿಸಿಕೊಳ್ಳುವ ತನಕ ಬ್ರೆಡ್ಡಿನ ಚೂರನ್ನೂ ಮುಟ್ಟುವವಳಲ್ಲ. ಎಸ್ಪಾಲಿಯೋನಿನ ಇಳಿಜಾರಿನಲ್ಲಿ, ಬೆನ್ನ ಹಿಂದೆ, ರಸ್ತೆಬದಿಯ ವೇಗ ಅಳೆಯುವ ಕ್ಯಾಮೆರಾ ಪೆಟ್ಟಿಗೆಯಿಂದ ಫಕ್ಕನೆ ಬೆಳಕು ಹೊಡೆಯಿತು. ಮುಳ್ಳು ತೊಂಬತ್ತೆರಡರ ಮೇಲಿತ್ತು. ಅಲ್ಲಿ ಮಿತಿ ಎಂಬತ್ತು.

ಹನ್ನೊಂದನೆಯ ದಿನ ಪತ್ರ ಬಂತು. ದಂಡ, ಜೊತೆಗೆ ಒಂದು ಪಾಯಿಂಟು. ಬೇರೆಯವರಾದರೆ ಬೈದುಕೊಂಡು ಮರೆಯುತ್ತಿದ್ದರು. ಅವಳಿಗಾದರೋ ಅಲ್ಲಿಗೆ ಸೊನ್ನೆ. ಸೊನ್ನೆಯೆಂದರೆ ಲೈಸೆನ್ಸೇ ರದ್ದು. ಆರು ತಿಂಗಳು ಕಳೆದ ಮೇಲೆ ಮತ್ತೆ ಪರೀಕ್ಷೆಗೆ ಕೂರಬೇಕು. ನಲವತ್ತೈದು ದಿನಗಳಲ್ಲಿ ದಂಡ ಕಟ್ಟಬೇಕು, ಇಲ್ಲವೇ ಗಾಡಿ ಓಡಿಸಿದ್ದು ಇನ್ನಾರೋ ಎಂದಾದರೆ ಅವರ ಹೆಸರು ಬರೆದು ಕಳಿಸಬೇಕು.

ಗಂಡ ತೀರಿಕೊಂಡ ಮೇಲೂ ಒಡೀಲ್ ಮಾವ ಅಂತೊನೆನ್‌ನ ಜೊತೆಗೇ ಇದ್ದಳು. ಮುದುಕನಿಗೆ ಎಂಬತ್ನಾಲ್ಕು. ಎರಡು ದಿನ ಅವಳ ಮುಖ ನೋಡಿದವನು ಮೂರನೆಯ ದಿನ ಪತ್ರವನ್ನು ತಾನೇ ಕೈಗೆತ್ತಿಕೊಂಡ.

“ಫೋಟೋದಲ್ಲಿ ನಿನ್ನ ಮುಖ ಇದೆಯಾ?”

“ಇಲ್ಲ ಮಾವ. ಹಿಂದಿನಿಂದ ತೆಗ್ದಿದ್ದಾರೆ.”

“ಹಾಗಾದ್ರೆ ನಾನೇ ಓಡಿಸ್ತಿದ್ದೆ ಅಂತ ಬರಿ. ನನ್ನ ಹನ್ನೆರಡೂ ಹಾಗೇ ಬಿದ್ದಿವೆ. ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?”

“ಕಣ್ಣಿಗೆ ಪೊರೆ ಬಂದು ಮೂರು ವರ್ಷ ಆಯ್ತು, ನೀವು ಸ್ಟೀರಿಂಗ್ ಮುಟ್ಟೇ ಇಲ್ಲ.”

“ಅದು ಆ ಪೆಟ್ಟಿಗೆಗೆ ಹೇಗೆ ಗೊತ್ತಾಗತ್ತೆ?”

ಒಡೀಲ್ ಬೇಡವೆಂದಳು. ಆದರೆ ಮರುದಿನ ಸಂಜೆ ಮುದುಕನ ಲೈಸೆನ್ಸ್ ನಂಬರು, ಹುಟ್ಟಿದ ತಾರೀಕು ಎಲ್ಲವನ್ನೂ ಅರ್ಜಿಯಲ್ಲಿ ತುಂಬಿ, ಮಡಚಿ, ಔಷಧಿ ಚೀಲದೊಳಗೆ ಇಟ್ಟುಕೊಂಡಳು. ಅಂಚೆ ಡಬ್ಬಿಯ ಮುಂದೆ ಗಾಡಿ ನಿಲ್ಲಿಸುವಳು, ಹಿಂದೆ ಯಾರೋ ಬಂದರೆಂದು ಹೊರಟುಬಿಡುವಳು. ರೋಗಿಗಳ ಮನೆಯಲ್ಲಿ ಸಿರಿಂಜು ತೆಗೆಯಲು ಚೀಲಕ್ಕೆ ಕೈ ಹಾಕಿದರೆ ಬೆರಳಿಗೆ ಆ ಕಾಗದವೇ ತಾಕುವುದು. ರಸ್ತೆಯಲ್ಲಿ ಜೆಂದಾರ್ಮರ, ಆ ಕಡೆಯ ಪೊಲೀಸರ, ನೀಲಿ ವ್ಯಾನು ಕಂಡರೆ ಸಾಕು, ಚೀಲವನ್ನು ಸೀಟಿನ ಕೆಳಗೆ ತಳ್ಳುವಳು.

ಅದರ ಮೇಲೆ ಒಂದು ದಿನ, ಅಂಚೆ ಹಂಚುವ ನಾದೆಜ್ ಗೇಟಿನ ಬಳಿ ನಿಂತು ಪಕ್ಕದ ಕಣಿವೆಯ ಸುದ್ದಿ ಹೇಳಿದಳು. ಯಾರೋ ಒಬ್ಬ ತನ್ನ ದಂಡದ ಪತ್ರಕ್ಕೆ ತನ್ನಜ್ಜಿಯ ಹೆಸರು ಬರೆದು ಕಳಿಸಿದ್ದನಂತೆ. ಜೆಂದಾರ್ಮರು ಮನೆಗೇ ಬಂದು, ಅಜ್ಜಿಯನ್ನು ಕೂರಿಸಿಕೊಂಡು, ಯಾವ ದಾರಿಯಲ್ಲಿ ಹೋದಿರಿ, ಎಲ್ಲಿಗೆ, ಏತಕ್ಕೆ ಎಂದೆಲ್ಲ ಕೇಳಿದರಂತೆ. ಈಗ ಇಬ್ಬರಿಗೂ ಕೋರ್ಟಿನಿಂದ ಕರೆ ಬಂದಿದೆಯಂತೆ. ನಾದೆಜ್ ನಗುತ್ತಲೇ ಹೇಳಿ ಹೋದಳು. ಒಡೀಲ್ ನಗಲು ನೋಡಿದಳು, ಆಗಲಿಲ್ಲ. ಕಿಟಕಿಯಲ್ಲಿ ನಿಂತಿದ್ದ ಅಂತೊನೆನ್ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಅಂದಿನಿಂದ ಮುದುಕ ಮಾತು ಕಡಿಮೆ ಮಾಡಿದ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಕೇಳಿದರೆ ಬಿಸಿಲು ಎನ್ನುತ್ತಿದ್ದ.

ಪತ್ರ ಬಂದ ನಲವತ್ತೊಂದನೆಯ ದಿನ ಒಡೀಲ್ ಊಟಕ್ಕೆ ಬೇಗ ಬಂದಳು. ಅಡುಗೆಮನೆಯಿಂದ ಮಾವನ ದನಿ ಕೇಳಿ, ಯಾರೋ ಬಂದಿದ್ದಾರೆಂದು ಬಾಗಿಲಲ್ಲೇ ನಿಂತಳು. ಒಳಗೆ ಬೇರೆ ಯಾರೂ ಇರಲಿಲ್ಲ. ಅಂತೊನೆನ್ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ. ಕೋಟು ಹಾಕಿಕೊಂಡಿದ್ದ. ಎದುರಿಗೆ ದಪ್ಪ ಅಕ್ಷರದಲ್ಲಿ ಬರೆದುಕೊಂಡ ಹಾಳೆ, ಕೈಯಲ್ಲಿ ಭೂತಗನ್ನಡಿ.

“ಅವತ್ತು ಮಂಗಳವಾರ ಸಾರ್. ಹಲ್ಲು ನೋವಿತ್ತು, ಸೊಸೆ ಕಾರು ತಗೊಂಡೆ. ಸೇತುವೆ ದಾಟಿ ಎಡಕ್ಕೆ…” ಎಂದು ನಿಲ್ಲಿಸಿದ. ಭೂತಗನ್ನಡಿಯನ್ನು ಹಾಳೆಯ ಮೇಲೆ ಆಡಿಸಿ ಮತ್ತೆ ಮೊದಲಿನಿಂದ ಶುರುಮಾಡಿದ. ಸೇತುವೆಯ ಹತ್ತಿರ ಬಂದಾಗ ಮತ್ತೆ ತೊದಲಿದ.

ಒಡೀಲ್ ಒಳಗೆ ಬಂದು ಪಕ್ಕದಲ್ಲಿ ಕುಳಿತು ಅವನ ಮಣಿಕಟ್ಟು ಹಿಡಿದಳು. ನಾಡಿ ನಿಮಿಷಕ್ಕೆ ನೂರಹದಿನಾಲ್ಕು ಬಡಿಯುತ್ತಿತ್ತು.

“ಎಷ್ಟು ದಿನದಿಂದ ಇದು?” ಎಂದಳು.

“ಇನ್ನೊಂದೆರಡು ದಿನ ಕೊಡು, ಬಾಯಿಗೆ ಬರತ್ತೆ. ನಾನು ಹುಟ್ಟಿದಾಗಿಂದ ಜೆಂದಾರ್ಮ್ ಮುಂದೆ ನಿಂತೋನಲ್ಲ ಮಗಳೇ. ಅದಕ್ಕೇ ಹೀಗೆ.”

ಅವಳು ಚೀಲದಿಂದ ಅರ್ಜಿ ತೆಗೆದು ಹರಿದಳು.

ಮುದುಕನ ಮುಖ ಸಣ್ಣಗಾಯಿತು. “ನನ್ನಿಂದ ಆಗಲ್ಲ ಅಂತ ತಾನೆ?”

“ನನ್ನಿಂದ ಆಗಲ್ಲ ಮಾವ. ಗಾಡಿ ಓಡಿಸ್ತಿದ್ದದ್ದು ನಾನು.”

ಅವನು ಕೋಟು ಬಿಚ್ಚದೆ ಎದ್ದು ಹಿತ್ತಲಿಗೆ ಹೋದ.

ಒಡೀಲ್ ದಂಡ ಕಟ್ಟಿದಳು. ಆಗಸ್ಟಿನಲ್ಲಿ ರಿಜಿಸ್ಟರ್ ಪತ್ರ ಬಂತು. ವಾರದೊಳಗೆ ರೋದೆಸ್‌ಗೆ ಬಸ್ಸಿನಲ್ಲಿ ಹೋಗಿ ಲೈಸೆನ್ಸನ್ನು ಕಚೇರಿಯ ಕಿಂಡಿಯಲ್ಲಿ ಒಪ್ಪಿಸಿ ಬಂದಳು. ಲೈಸೆನ್ಸಿಲ್ಲದವರೂ ಓಡಿಸಬಹುದಾದ ಪುಟ್ಟ ಗಾಡಿಯೊಂದನ್ನು ಬಾಡಿಗೆಗೆ ಹಿಡಿದಳು. ಏನು ಮಾಡಿದರೂ ನಲವತ್ತೈದರ ಮೇಲೆ ಓಡದ ಗಾಡಿ. ಆ ಊರುಗಳಲ್ಲಿ ಅಂಥ ಗಾಡಿಯಲ್ಲಿ ಕೂತವರು ಕುಡಿದು ಸಿಕ್ಕಿಬಿದ್ದವರು ಎಂದೇ ಎಲ್ಲರ ಲೆಕ್ಕ. ಬಾರಿನ ಮುಂದೆ ಕುಳಿತವರು, ನರ್ಸಮ್ಮ ಯಾವ ಬ್ರಾಂಡು ಎಂದು ಕೂಗಿದ್ದೂ ಉಂಟು. ಏಳು ರೋಗಿಗಳನ್ನು ಇನ್ನೊಬ್ಬ ನರ್ಸ್‌ಗೆ ಬಿಟ್ಟುಕೊಡಬೇಕಾಯಿತು. ಯುಜೆನಿ ಅವರಲ್ಲೊಬ್ಬಳು. ಆಕೆ ಫೋನು ಮಾಡಿ, ಹೊಸಬಳ ಕೈ ಬಹಳ ತಣ್ಣಗೆ ಎಂದಷ್ಟೇ ಹೇಳಿ ಇಟ್ಟಳು. ಒಡೀಲಳಿಗೆ ಬಾರಿನ ಕುಚೋದ್ಯಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಫೆಬ್ರವರಿಯಲ್ಲಿ ಹದಿನೇಳು ಹದಿನೆಂಟರ ಮಕ್ಕಳ ನಡುವೆ ಕುಳಿತು ಪರೀಕ್ಷೆ ಬರೆದಳು. ನಲವತ್ತು ಪ್ರಶ್ನೆಗೆ ಮೂವತ್ತೈದಾದರೂ ಸರಿ ಬರಬೇಕು. ಅವಸರದಲ್ಲಿ ಎರಡು ಉತ್ತರ ತಪ್ಪಾಗಿ ಒತ್ತಿದ್ದು ಅವಳಿಗೆ ಗೊತ್ತೇ ಇತ್ತು. ಮಿಕ್ಕವು ಎಷ್ಟು ತಪ್ಪಿದವೋ ತಿಳಿಯದೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಮೂವತ್ತಾರು ಎಂದು ತಿಳಿಯಿತು. ಅಂತೊನೆನ್ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಾಗಿ ಆ ಅಂಕಿಯನ್ನು ತಾನೇ ಓದಿ ನೋಡಿದ.

ಹೊಸ ಲೈಸೆನ್ಸಿನಲ್ಲಿ ಕೊಟ್ಟದ್ದು ಆರೇ ಪಾಯಿಂಟು. ದಿನಕ್ಕೆ ಹದಿನಾರು ಮನೆ, ಅದಕ್ಕಿಂತ ಹೆಚ್ಚು ಬೇಡವೆಂದು ಒಡೀಲ್ ನಿರ್ಧರಿಸಿದಳು. ಯುಜೆನಿಯನ್ನು ಪಟ್ಟಿಗೆ ಸೇರಿಸಿಕೊಳ್ಳೋಣವೆಂದು ಫೋನು ಮಾಡಿದಾಗ ಆಕೆ ಆಗಲೇ ವೃದ್ಧಾಶ್ರಮ ಸೇರಿಯಾಗಿತ್ತು. ಭಾನುವಾರ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲೂ ಅವಸರ ಮಾಡದೆ, ಅವಳನ್ನು ನೋಡಲು ಹೊರಟಳು.