ಮಡಿಲಮ್ಮನ ಎಡೆ

ಮುನಿಲಕ್ಷ್ಮಿ ಬಚ್ಚಲಲ್ಲಿ ಕೂತು ಮತ್ತೆ ಕೈ ಉಜ್ಜಿಕೊಂಡಳು. ಸೋಪಾಯಿತು, ಹುಣಸೆಹಣ್ಣಾಯಿತು, ಈಗ ಒಲೆಯ ಬೂದಿ. ಮೂಸಿ ನೋಡಿದಳು, ಹೋಗಿರಲಿಲ್ಲ. ಹೊಸ ಅವರೆಕಾಯಿಯ ಸೊಗಡು ಹಬ್ಬಕ್ಕೆ ಬಂದ ನೆಂಟರ ಹಾಗೆ, ತಾನಾಗಿ ಹೋಗಬೇಕೇ ಹೊರತು ಓಡಿಸಿದರೆ ಹೋಗುವುದಿಲ್ಲ.

"ಬಚ್ಚಲಲ್ಲೇ ಸಂಸಾರ ಮಾಡ್ತೀಯೇನೇ? ಹೆಂಗಸ್ರೆಲ್ಲಾ ಬಂದು ನಿಂತವ್ರೆ," ಅತ್ತೆ ಅನಸೂಯಮ್ಮ ನಡುಮನೆಯಿಂದ ಕೂಗಿದಳು.

ಕಾರ್ತಿಕದ ಕೊನೆಯ ಸೋಮವಾರ. ಕೆರೆ ಏರಿಯ ಮೇಲಿರುವ ಮಡಿಲಮ್ಮನ ಕಲ್ಲಿಗೆ ಈ ದಿನ ಹೊಸ ಅವರೆಯ ಎಡೆ ಇಡಬೇಕು. ಹಿಂದೆ ಯಾವಾಗಲೋ ಇದೇ ಮನೆಯ ಬಸುರಿ ಸೊಸೆಯೊಬ್ಬಳು ಅವರೆಕಾಯಿಯ ಆಸೆಗೆ ಏರಿಯ ಕೆಳಗಿನ ಹೊಲಕ್ಕೆ ಹೋಗಿದ್ದಳಂತೆ. ಮಡಿಲ ತುಂಬ ಕಾಯಿ ಕಿತ್ತುಕೊಂಡು ಬರುವಾಗ ಏರಿ ಬಿರುಕು ಬಿಟ್ಟು ನೀರು ಜಿನುಗುತ್ತಿತ್ತು. ಬಿರುಕಿಗೆ ಬೆನ್ನು ಕೊಟ್ಟು ಕೂತವಳು, ಊರವರನ್ನು ಕೂಗುತ್ತಲೇ ಇದ್ದಳು. ಊರು ಬಂತು, ತಡವಾಗಿ ಬಂತು. ಬಿರುಕಿನಿಂದ ಹರಿದ ನೀರು ಹೊಲದಲ್ಲಿ ನಿಂತಿತ್ತು, ಆದರೆ ಏರಿ ಉಳಿಯಿತು. ಅವರೆಕಾಯಿ ನೀರಿನ ಮೇಲೆ ತೇಲಿತು, ಅವಳು ತೇಲಲಿಲ್ಲ.

ಅವತ್ತಿನಿಂದ ಅವಳ ಎಡೆ ಆಗುವವರೆಗೆ ಹೊಸ ಅವರೆ ಈ ಮನೆಯ ಹೊಸ್ತಿಲು ದಾಟುವಂತಿಲ್ಲ. ಅವಳಿಗಿಂತ ಮೊದಲು ತಿಂದ ಸೊಸೆಯ ಮಡಿಲು ತುಂಬುವುದಿಲ್ಲ ಎಂಬುದು ಊರಿನ ನಂಬಿಕೆ. ಮುನಿಲಕ್ಷ್ಮಿಗೆ ಈಗ ಐದು ತಿಂಗಳು. ನಿನ್ನೆ ಅತ್ತೆ ಡೈರಿಗೆ ಹಾಲು ಹಾಕಲು ಹೋದದ್ದೇ ತಡ, ಅವಳು ಅವರೆಕಾಯಿಗೆ ಉಪ್ಪು ಹಾಕಿ ಬೇಯಿಸಿಕೊಂಡು ತಿಂದಿದ್ದಳು. ಕಾಯಿ ತಂದವನು ಗಂಡ ಉಮೇಶ್. ವೇಮಗಲ್ಲಿನ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬರುವಾಗ ರಾಗಿಯ ನಡುವೆ ಅವರೆ ಬಿತ್ತಿದ ಅಕ್ಕಡಿ ಸಾಲಿನಿಂದ ಹೆಲ್ಮೆಟ್ಟಿನ ತುಂಬ ಕಿತ್ತು ತಂದಿದ್ದ. ಸಿಪ್ಪೆಯನ್ನು ಹಸು ತಿಂದು ಸಾಕ್ಷಿ ಅಳಿಸಿತ್ತು. ತಿನ್ನುವಾಗ ಸುಖವೋ ಸುಖ. ಕೈ ತೊಳೆಯಲು ಹೋದಾಗ ಹೆದರಿಕೆ ಹತ್ತಿದ್ದು ಇನ್ನೂ ಇಳಿದಿರಲಿಲ್ಲ.

ಹೆದರಲು ಕಾರಣವೂ ಇತ್ತು. ಹೋದ ವರ್ಷ ಇದೇ ಎಡೆ ಇಟ್ಟು ಬಂದ ವಾರದಲ್ಲೇ ಅವಳ ಮೊದಲ ಬಸಿರು ಇಳಿದುಹೋಗಿತ್ತು. ಕೋಲಾರದ ಆಸ್ಪತ್ರೆಯಿಂದ ಆಟೋದಲ್ಲಿ ಕರೆತಂದ ಅತ್ತೆ ಬಿಸಿನೀರು ಹಾಕಿದಳು, ಮೆಣಸಿನ ಸಾರು ಮಾಡಿ ಉಣಿಸಿದಳು. ಆದರೆ ಆ ವಿಷಯ ಮಾತ್ರ ಇವತ್ತಿನವರೆಗೂ ಎತ್ತಲಿಲ್ಲ. ಬೈದಿದ್ದರೂ ಸಮಾಧಾನವಿತ್ತು. ಆ ಮೌನವನ್ನು ಮುನಿಲಕ್ಷ್ಮಿ ತಪ್ಪು ತನ್ನದೇ ಎಂದು ಓದಿಕೊಂಡಿದ್ದಳು.

ಎಡೆಯ ತಟ್ಟೆ ಹೊರುವ ಸೊಸೆಯ ಕೈಗೆ ಅರಿಸಿನ ಹಚ್ಚುವುದು ಕೇರಿಯ ಹಿರಿಯಳಾದ ದೊಡ್ಡಮುನಿಯಮ್ಮ. ಅವಳ ಕಣ್ಣು ಮಂಜಾಗಿ ಕಿವಿ ಮಂದವಾಗಿತ್ತು, ಮೂಗು ಮಾತ್ರ ಎಳೇ ಹುಡುಗಿಯದು. ಅಂಗಳದಲ್ಲಿ ಮುನಿಲಕ್ಷ್ಮಿಯ ಅಂಗೈ ಹಿಡಿದವಳು ಹಾಗೇ ನಿಂತುಬಿಟ್ಟಳು.

"ಏಮಮ್ಮಾ ಇದಿ?" ಮುದುಕಿಗೆ ಸಿಟ್ಟು ಬಂದರೆ ಮೊದಲು ತೆಲುಗೇ ಬಾಯಿಗೆ ಬರುವುದು. "ಅವರೆ ಸೊಗಡು ಕಣೇ ಇದು! ತಿಂದಿದ್ದೀಯಾ?"

ಸುಳ್ಳು ಹೇಳಬಹುದಿತ್ತು. ಮುನಿಲಕ್ಷ್ಮಿ ಹೇಳಲಿಲ್ಲ.

"ತಡೆಯೋಕಾಗ್ಲಿಲ್ಲ ಅಜ್ಜಿ... ನಿನ್ನೆ... ಒಂದ್ ಹಿಡಿ."

ಹೆಂಗಸರ ಗುಂಪು ಹತ್ತಿರ ಸರಿಯಿತು. ಹಿಂದಿನಿಂದ ಪಕ್ಕದ ಮನೆಯ ಅಂಜಮ್ಮ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಳು: "ಹೋದ್ ವರ್ಷಾನೂ ಹಿಂಗೇ ಮಾಡಿದ್ಲೋ ಏನೋ. ಅದಕ್ಕೇ..."

ಮುನಿಲಕ್ಷ್ಮಿ ತಲೆ ತಗ್ಗಿಸಿದಳು. ವರ್ಷವಿಡೀ ತನ್ನೊಳಗೆ ತಾನೇ ಹೇಳಿಕೊಂಡಿದ್ದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ಅನಸೂಯಮ್ಮ ತಟ್ಟೆಯನ್ನು ಜಗಲಿಯ ಮೇಲಿಟ್ಟು ತಿರುಗಿದಳು.

"ಅಂಜಮ್ಮ, ಹೋದ್ ವರ್ಷ ಇವಳು ಒಂದ್ ಕಾಳೂ ಮುಟ್ಟಿರ್ಲಿಲ್ಲ. ನಾನ್ ಹೇಳಿದ್ ನೇಮ ಎಲ್ಲಾ ಮಾಡಿದ್ಲು. ಉಪವಾಸ ಇದ್ದು ಈ ತಟ್ಟೆ ಹೊತ್ಲು. ಏನಾಯ್ತು ಹೇಳು ಆಮೇಲೆ?" ಅವಳು ಸೊಸೆಯ ಪಕ್ಕಕ್ಕೆ ಬಂದು ನಿಂತಳು. "ಇವಳದೇನೂ ತಪ್ಪಿಲ್ಲ. ಆಗಲೂ ಇರ್ಲಿಲ್ಲ, ಈಗಲೂ ಇಲ್ಲ. ಇದನ್ನ ನಾನ್ ಆವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ ನಂಗೆ."

ಅನಸೂಯಮ್ಮ ಮುದುಕಿಯ ಕಡೆ ನೋಡಿದಳು.

"ಆ ಮಡಿಲಮ್ಮ ಏರಿ ಕೆಳಗೆ ಯಾಕೆ ಹೋಗಿದ್ಲು ಅಜ್ಜಿ? ಅವರೇಕಾಯಿ ಆಸೆಗೇ ತಾನೇ? ಬಸುರಿ ಬಯಕೆ ಅವಳಿಗಿಂತ ನಮಗೆ ಜಾಸ್ತಿ ಗೊತ್ತಾ?"

ದೊಡ್ಡಮುನಿಯಮ್ಮ ಬಟ್ಟಲಿನಿಂದ ಅರಿಸಿನ ತೆಗೆದು ಮುನಿಲಕ್ಷ್ಮಿಯ ಅಂಗೈಗೆ, ಮಣಿಕಟ್ಟಿನವರೆಗೂ ದಪ್ಪಗೆ ಬಳಿದಳು. "ನಡೀರಮ್ಮ, ಬಿಸಿಲೇರ್ತದೆ," ಅಂದಳು. ಅಂಜಮ್ಮ ತಾನೇ ಮುಂದೆ ಬಂದು ತಟ್ಟೆ ಎತ್ತಿ ಕೈಗೆ ಕೊಟ್ಟಳು.

ಈ ಸಲ ಮಳೆ ಚೆನ್ನಾಗಿ ಬಂದು ಕೆರೆ ತುಂಬಿತ್ತು. ಏರಿಯ ಒಂದು ಕಡೆ ನೀರು, ಅದರಂಚಿಗೆ ಬೆಳ್ಳಕ್ಕಿ. ಇನ್ನೊಂದು ಕಡೆ ಬಾಗಿ ನಿಂತ ರಾಗಿ ತೆನೆ, ನಡುವೆ ಅವರೆಯ ಸಾಲು, ಅದರಾಚೆ ಹುಚ್ಚೆಳ್ಳಿನ ಹಳದಿ. ಗದ್ದೆಬಯಲಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಲ್ಲಿನ ಬಳಿ ಉಮೇಶ್ ಒಲೆ ಹೂಡಿ, ಹೊಲದಿಂದ ನೇರವಾಗಿ ತಂದ ಕಾಯಿಯನ್ನು ಬೇಯಲಿಟ್ಟಿದ್ದ. ಹೆಂಡತಿಯ ಮುಖ ನೋಡಿದವನೇ ಸಂಗತಿ ಬಯಲಾಗಿದೆಯೆಂದು ತಿಳಿದು ಒಲೆ ಊದುವುದರಲ್ಲಿ ಮುಳುಗಿದ. ಬೂದಿ ಹಾರಿ ಅವನ ಮೀಸೆಯ ಮೇಲೆ ಕೂತಿತು.

"ಹೆಲ್ಮೆಟ್ ತೊಳೆಯೋ ಮೊದ್ಲು, ಅದೂ ಅವರೆ ಸೊಗಡು ಹೊಡೀತದೆ," ಅಂದಳು ಅನಸೂಯಮ್ಮ. ಹೆಂಗಸರು ನಕ್ಕರು.

ಮುನಿಲಕ್ಷ್ಮಿ ಕಲ್ಲಿಗೆ ಕುಂಕುಮವಿಟ್ಟು ತಂಬಿಟ್ಟಿನ ದೀಪ ಹಚ್ಚಿದಳು. ಅನಸೂಯಮ್ಮ ಎಂದಿನಂತೆ ಮುತ್ತುಗದ ಎಲೆ ಹಾಸಿ ಬೆಂದ ಕಾಯಿ ಬಡಿಸಿದಳು. ಎಡೆ ಆಯಿತೆಂದು ಹೆಂಗಸರು ಕೈ ಮುಗಿದು ಎದ್ದರು. ಅನಸೂಯಮ್ಮ ಏಳಲಿಲ್ಲ. ಇನ್ನೊಂದು ಎಲೆ ತೆಗೆದು, ಹರಿದು ಚಿಕ್ಕದು ಮಾಡಿ, ಮೊದಲಿನದರ ಪಕ್ಕದಲ್ಲೇ ಹಾಸಿದಳು.

ಇಷ್ಟು ವರ್ಷವೂ ಅಲ್ಲಿ ಹಾಸುತ್ತಿದ್ದದ್ದು ಒಂದೇ ಎಲೆ. "ಹೋದ್ ವರ್ಷದ ಕೂಸಿಗೆ," ಅಂದಳು ಅನಸೂಯಮ್ಮ. ಮುನಿಲಕ್ಷ್ಮಿ ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

ಅನಸೂಯಮ್ಮ ಬಿಸಿ ಕಾಯೊಂದನ್ನು ಬಿಡಿಸಿ, ಕಾಳು ಹಿತಕಿ, ಸಿಪ್ಪೆ ಬಿಸಾಡಿದಳು. ಒಳಗಿನ ಬೇಳೆಯನ್ನು ಎರಡು ಬೆರಳ ನಡುವೆ ಇಟ್ಟು, ಹಲ್ಲು ಬಾರದ ಬಾಯಿಗೆ ಕೊಡುವ ಹಾಗೆ, ನುಣ್ಣಗೆ ನುರಿಯತೊಡಗಿದಳು.