ಅಂಗೈ ಇಳಿಯದ ಲಿಂಗ

ನೀಟ್ ಪರೀಕ್ಷೆಯ ದಿನ, ಲೋಹದ್ದೇನೂ ಒಳಗೆ ಬಿಡುವುದಿಲ್ಲ ಎಂದು ಗೇಟಿನಲ್ಲಿ ತಡೆದಾಗ, ನನ್ನ ತಂಗಿ ಲಾಸ್ಯ ಕೊರಳಿನ ಬೆಳ್ಳಿ ಕರಡಿಗೆ ತೆಗೆದು ನನ್ನ ಕೈಗಿಟ್ಟಳು. ಏಳನೇ ವಯಸ್ಸಿನಲ್ಲಿ ಲಿಂಗಧಾರಣೆ ಆದಾಗಿನಿಂದ ಅವಳ ಇಷ್ಟಲಿಂಗ ಅದರೊಳಗೇ ಇತ್ತು. ಸ್ನಾನಕ್ಕೆ ಹೋದಾಗಲೂ ಮೈ ಬಿಟ್ಟಿರಲಿಲ್ಲ.

"ಜೋಪಾನ ಕಣೇ ಅಕ್ಕ. ದೋಸೆ ತಿನ್ನೋಕ್ ಹೋಗಿ ಹೋಟ್ಲಲ್ಲೇ ಮರ್ತು ಬಂದ್ಬುಟ್ಟೀಯ," ಎಂದು ನಕ್ಕು ಒಳಗೆ ಓಡಿದಳು.

ಪರೀಕ್ಷೆ ಮುಗಿಸಿ ಬಂದವಳೇ ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ಹದಿನೈದು ದಿನಕ್ಕೆ ಅವಳ ನಿದ್ದೆ ಹೋಯಿತು. ಕುಂಬಾರಕೊಪ್ಪಲಿನ ನಮ್ಮ ಮನೆಯ ನಲ್ಲಿಯೊಳಗೆ ಯಾರೋ ಕೂತು ತನ್ನನ್ನು ಕೂಗುತ್ತಿದ್ದಾರೆ ಎಂದಳು. ಅಮ್ಮನನ್ನೇ "ನೀವ್ಯಾರು?" ಎಂದು ಕೇಳಿದಳು. ಆಮೇಲೆ ಮಾತು ನಿಂತಿತು. ಎತ್ತಿದ ಕೈ ಎತ್ತಿದ ಹಾಗೇ, ಗಂಟೆಗಟ್ಟಲೆ. ಅಜ್ಜಿ ಹೇಳುವ ಕಥೆಗಳಲ್ಲಿ ಶಾಪ ತಗುಲಿದ ಊರು ಹೀಗೇ ನಿಂತುಬಿಡುತ್ತದೆ: ರೊಟ್ಟಿ ತಟ್ಟುವವಳ ಕೈ ಹೆಂಚಿನ ಮೇಲೆ, ನೀರು ಸೇದುವವಳ ಹಗ್ಗ ಬಾವಿಯೊಳಗೆ.

ಅಜ್ಜಿ ದಾಕ್ಷಾಯಣಮ್ಮ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. "ಲಿಂಗ ಮೈ ಬಿಟ್ಮೇಲೆ ಇನ್ನೇನಾಗ್ತದೆ? ನೀನಾದ್ರೂ ಬೇಡ ಅನ್ನಬಾರ್ದಿತ್ತೇನೇ ಶಿಲ್ಪಾ?"

ನನಗೂ ಹಾಗೇ ಅನ್ನಿಸಿತ್ತು. ವಿಭೂತಿ ಹಚ್ಚಿ, ಮಠದಿಂದ ಪಾದೋದಕ ತಂದು ಕುಡಿಸಿ, ಒಂದು ವಾರ ಕಾದೆವು. ಫಿಟ್ಸ್ ಬಂದ ಮೇಲೇ ಆಸ್ಪತ್ರೆಗೆ ಓಡಿದ್ದು.

ಅಲ್ಲಿನ ನರರೋಗದ ಡಾಕ್ಟರ್ ಸಂಘಮಿತ್ರ ಲಾಸ್ಯಳ ಬೆನ್ನುಹುರಿಯಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಕಾರಿಡಾರಿನ ಬೆಂಚಿನ ಮೇಲೆ ಅಜ್ಜಿಯ ಪಕ್ಕದಲ್ಲೇ ಬಂದು ಕೂತರು.

"ಅಜ್ಜಿ, ಇದು ಹುಚ್ಚಲ್ಲ. ಮೈ ಕಾಯೋಕೆ ಅಂತ ಒಳಗೊಂದು ಸೈನ್ಯ ಇರುತ್ತೆ ನೋಡಿ, ಅದು ತಪ್ಪು ತಿಳ್ಕೊಂಡು ಮಿದುಳಿನ ಮೇಲೇ ಬಿದ್ದಿದೆ. ಈ ವಯಸ್ಸಿನ ಹುಡುಗೀರಿಗೆ ಕೆಲವು ಸಲ ಅಂಡಾಶಯದಲ್ಲಿ ಗಡ್ಡೆ ಇರುತ್ತೆ, ಜಗಳ ಅಲ್ಲಿಂದ ಶುರುವಾಗಿರುತ್ತೆ. ಎಂಆರ್‌ಐ ಮಾಡಿ ನೋಡ್ಬೇಕು. ಕೊರಳಿಂದು ತೆಗೀಬೇಕಾಗುತ್ತೆ."

"ಒಂದ್ಸಲ ತೆಗೆದಿದ್ದಕ್ಕೇ ಹಿಂಗಾಗಿರೋದು ಕಣಮ್ಮ. ಇನ್ನೊಂದ್ಸಲ ನಾನು ಬುಡಲ್ಲ."

"ಗಡ್ಡೆ ಇದ್ರೆ ಅದು ಪರೀಕ್ಷೆ ದಿನ ಹುಟ್ಟಿದ್ದಲ್ಲ ಅಜ್ಜಿ. ಎಷ್ಟೋ ಮುಂಚೆಯಿಂದ ಇರುತ್ತೆ. ಇನ್ನೂ ತಡ ಮಾಡಿದ್ರೆ ಉಸಿರಿಗೇ ಕುತ್ತು."

ಅಪ್ಪ ಗೋಡೆ ನೋಡುತ್ತ ನಿಂತಿದ್ದರು. ನಮ್ಮ ಮನೆಯಲ್ಲಿ ಅಜ್ಜಿಯ ಮಾತು ದಾಟಿದವರಿಲ್ಲ. ಸ್ಟ್ರೆಚರಿನ ಮೇಲೆ ಲಾಸ್ಯಳ ತುಟಿಗಳು ಇಲ್ಲದ ಏನನ್ನೋ ಜಗಿಯುತ್ತಲೇ ಇದ್ದವು.

ಅಜ್ಜಿ ಅದನ್ನು ಬಹಳ ಹೊತ್ತು ನೋಡಿದಳು. ಎದ್ದು ಹೋಗಿ, ತಾನೇ ಅವಳ ಕೊರಳಿನ ಶಿವದಾರ ಬಿಚ್ಚಿದಳು. ಕರಡಿಗೆ ನನಗೆ ಕೊಟ್ಟು, ಲಾಸ್ಯಳ ಲಿಂಗವನ್ನು ತನ್ನ ಎಡ ಅಂಗೈಯಲ್ಲಿಟ್ಟುಕೊಂಡಳು. ಪೂಜೆಗೆ ಇಟ್ಟುಕೊಳ್ಳುವಂತೆ! ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವುದು ನಮ್ಮಲ್ಲಿಲ್ಲ.

"ಅಜ್ಜೀ..."

"ಸುಮ್ನಿರೇ. ಪಾಪ ಬಂದ್ರೆ ನಂಗೇ ಬರ್ಲಿ. ಅವಳು ಹೊರಗ್ ಬರೋಗಂಟ ಇದು ನನ್ನ ಅಂಗೈ ಇಳಿಯಲ್ಲ."

ಬಾಗಿಲಾಚೆ ಮಿಷನ್ನು ನಗಾರಿಯಂತೆ ಬಡಿದುಕೊಳ್ಳುತ್ತಿತ್ತು. ಐವತ್ತು ನಿಮಿಷ ಅಜ್ಜಿ ಅಂಗೈಯಿಂದ ಕಣ್ಣು ಕೀಳಲಿಲ್ಲ. ಕೈ ಸೋಲತೊಡಗಿದಾಗ ನಾನು ಅವಳ ಮೊಣಕೈಗೆ ನನ್ನ ಕೈ ಆಸರೆ ಕೊಟ್ಟೆ.

ಗಡ್ಡೆ ಸಿಕ್ಕಿತು. ನಿಂಬೆಹಣ್ಣಿನಷ್ಟು. ಆಪರೇಷನ್ ಆದ ಮೇಲೆ ಅದರೊಳಗೇನಿತ್ತು ಎಂದು ಡಾಕ್ಟರ್ ಹೇಳಿದರು. ಒಂದು ಎಳೆ ಕೂದಲು, ಒಂದು ಹಲ್ಲು, ಎಳ್ಳಿನಷ್ಟು ಮಿದುಳು! ಹದಿನೆಂಟರ ಹುಡುಗಿಯ ಒಡಲಲ್ಲಿ, ಯಾರೂ ಕರೆಯದೆ, ಕತ್ತಲಲ್ಲಿ ಕೂತು ಬೆಳೆದದ್ದು. ಸೈನ್ಯ ಅದನ್ನು ಹಗೆಯೆಂದು ಗುರುತಿಟ್ಟುಕೊಂಡು, ಅದೇ ಗುರುತು ಹಿಡಿದು ತಲೆಗೆ ಏರಿತ್ತು.

ಅಜ್ಜಿ ಗಲ್ಲದ ಮೇಲೆ ಕೈಯಿಟ್ಟಳು. "ಎಂತೆಂಥಾ ಕಥೆ ಕಟ್ಟಿ ಹೇಳಿದೀನಿ. ಇಂಥದ್ದು ನಂಗೂ ಹೊಳೆದಿರ್ಲಿಲ್ಲ ಕಣೇ!"

ರಕ್ತ ಸೋಸಿದರು, ಔಷಧಿ ಏರಿಸಿದರು. ನಾಲ್ಕು ವಾರ ಏನೂ ಆಗಲಿಲ್ಲ. ಸೈನ್ಯ ಹಿಂದಕ್ಕೆ ಹೋಗಲು ಹೊತ್ತು ಹಿಡಿಯುತ್ತದೆ, ಪೂರ್ತಿ ಮೊದಲಿನಂತೆ ಆಗುತ್ತಾಳೆಂದು ಈಗಲೇ ಹೇಳಲಾರೆ ಎಂದರು ಡಾಕ್ಟರ್.

ಐದನೇ ವಾರದ ಒಂದು ಬೆಳಿಗ್ಗೆ, ಗಾಳಿಯಲ್ಲಿ ನಿಂತಿದ್ದ ಅವಳ ಕೈ ತಾನಾಗಿ ಕೆಳಗಿಳಿದು ತುಟಿ ಒರೆಸಿಕೊಂಡಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಎಲ್ಲೆಲ್ಲೋ ಅಲೆಯುತ್ತಿದ್ದ ಕಣ್ಣು ಮೆಲ್ಲಗೆ ಬಂದು, ನನ್ನ ಮುಖದ ಮೇಲೆ ನಿಂತಿತು. ನಿಂತೇ ಇತ್ತು.

"ಬಾಯ್ ಮುಚ್ಚೇ ಅಕ್ಕ," ಅಂದಳು ಲಾಸ್ಯ. "ನೊಣ ಹೋಗ್ತದೆ."